ರಸ್ತೆಯಿಂದ ಮೂರನೆಯ ಸಾಲು

ಆರ್ಡಿತ್ ಶೈವ್ಲಿಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುವವರು ಆಡಲಿ. ಹೋದ ಚಳಿಗಾಲದಲ್ಲಿ ಅವಳನ್ನು ಮಣ್ಣು ಮಾಡಿ ಬಂದೆವು, ಈಗಲೂ ಅವಳ ಹೆಸರೆತ್ತಿದರೆ ನಾನು ಹಲ್ಲು ಕಡಿಯುತ್ತೇನೆ.

ನಮ್ಮ ಪಿಕರಿಂಗ್ ಕೌಂಟಿಯ ಹಳೆಯ ಜೈಲನ್ನು ವಸ್ತುಸಂಗ್ರಹಾಲಯ ಮಾಡಿದವಳು ಅವಳೇ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದಳು. ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ, ಮಕ್ಕಳಿಲ್ಲ. ಜೈಲಿನ ಕಂಬಿಗಳ ಹಿಂದೆ ಊರವರ ಮದುವೆಯ ಗೌನು, ನೇಗಿಲ ಗುಳ, ಯುದ್ಧಭೂಮಿಯಿಂದ ಬಂದ ಕಾಗದಗಳನ್ನೆಲ್ಲ ಚೀಟಿ ಅಂಟಿಸಿ ಇಟ್ಟಳು. ಕೆಲಸದಲ್ಲಿ ಕುಂದು ಹೇಳುವಂತಿಲ್ಲ. ನಾಲಿಗೆ ಮಾತ್ರ ಕತ್ತರಿ. ನಮ್ಮ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಹಿಡಿದ ಕತ್ತಿಯನ್ನು ನಾನು ಬಟ್ಟೆಯಲ್ಲಿ ಸುತ್ತಿ ಒಯ್ದುಕೊಟ್ಟರೆ, ಕನ್ನಡಕ ಏರಿಸಿ ನೋಡಿ, ಹತ್ತು ಜನರ ಎದುರು ಏನಂದಳು ಗೊತ್ತೇ?

"ಇದು ಯುದ್ಧ ಕಂಡಿದ್ದಲ್ಲ, ಡೆಲ್ಮರ್. ಮಾಜಿ ಸೈನಿಕರ ಮೆರವಣಿಗೆಗೆ ಅಂತ ಅಂಚೇಲಿ ತರಿಸ್ಕೊಂಡಿದ್ದು. ನಿಮ್ ಮುತ್ತಜ್ಜ ಇದ್ರಲ್ಲಿ ಕೇಕ್ ಕತ್ತರಿಸಿರಬಹುದು."

ಅದನ್ನಾದರೂ ನುಂಗಿಕೊಂಡೆ. ನುಂಗಲಾಗದ್ದು ಇನ್ನೊಂದಿತ್ತು.

ನಾನು ವಿಯೆಟ್ನಾಂನಿಂದ ಬಂದ ವರ್ಷವೇ ಮಾಜಿ ಸೈನಿಕರ ಸಂಘದ ಮುದುಕರು ಒಂದು ತಗಡಿನ ಪೆಟ್ಟಿಗೆಯನ್ನು ನನ್ನ ಕೈಗೆ ಹಾಕಿದ್ದರು. ಅದರ ತುಂಬ ಕಾರ್ಡುಗಳು: ಯಾವ ಸೈನಿಕ ಯಾವ ಸ್ಮಶಾನದ ಎಷ್ಟನೆಯ ಸಾಲಿನಲ್ಲಿದ್ದಾನೆ ಎಂಬ ಲೆಕ್ಕ. ಮೇ ಕೊನೆಯ ಸೋಮವಾರ ಸತ್ತ ಸೈನಿಕರನ್ನು ನೆನೆಯುವ ದಿನ; ಪ್ರತಿ ವರ್ಷ ಅದಕ್ಕೆ ಮುಂಚೆ ಎಲ್ಲ ಗೋರಿಗಳಿಗೂ ಧ್ವಜ ನೆಡುವುದು ನನ್ನ ಕೆಲಸ. ಗತಿಗೆಟ್ಟವರನ್ನು ಇಡುತ್ತಿದ್ದ ಕೌಂಟಿ ಫಾರ್ಮಿನ ಸ್ಮಶಾನದಲ್ಲಿ ಕಲ್ಲುಗಳೇ ಇಲ್ಲ, ಬರೀ ಹುಲ್ಲು. ಅಲ್ಲಿನ ಒಂಬತ್ತು ಸೈನಿಕರ ಕಾರ್ಡಿನಲ್ಲೂ ಒಂದೇ ಮಾತು: ರಸ್ತೆಯಿಂದ ಮೂರನೆಯ ಸಾಲು. ಮಣ್ಣು ಕುಸಿದು ತಗ್ಗಾದ ಸಾಲುಗಳನ್ನು ಹೆದ್ದಾರಿಯ ಗೇಟಿನಿಂದ ಎಣಿಸುತ್ತಿದ್ದೆ, ಒಂದು, ಎರಡು, ಮೂರು. ಒಂಬತ್ತು ಧ್ವಜ ನೆಡುತ್ತಿದ್ದೆ. ದಿಕ್ಕಿಲ್ಲದೆ ಸತ್ತವರಿಗೇ ಮೊದಲ ಮರ್ಯಾದೆ ಎಂದು ಊರಿನ ಸಭೆಯನ್ನೂ ಅಲ್ಲೇ ಸೇರಿಸುತ್ತಿದ್ದೆವು.

ಕಹಳೆ ಊದುವಾಗ ಇಡೀ ಊರು ಟೋಪಿ ತೆಗೆದು ಧ್ವಜಗಳಿಗೆ ಮುಖ ಮಾಡಿ ನಿಂತರೆ, ಈ ಮಹಾತಾಯಿ ಎಲ್ಲರ ಹಿಂದೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಒಂದು ವರ್ಷವಲ್ಲ, ಪ್ರತಿ ವರ್ಷ! ಕೇಳಿದರೆ, "ನನ್ ಬೆನ್ನು, ನನ್ನಿಷ್ಟ" ಅಂದಳು. ವಿಯೆಟ್ನಾಂಗೆ ನನ್ನ ಜೊತೆ ಹೋದ ಮೂವರು ಶವಪೆಟ್ಟಿಗೆಯಲ್ಲಿ ಬಂದವರು. ನನಗೆ ತಡೆಯಲಾಗಲಿಲ್ಲ. ಇವಳು ಧ್ವಜಕ್ಕೆ ಬೆನ್ನು ಹಾಕುವ ಹೆಂಗಸು ಎಂದು ಪತ್ರಿಕೆಗೆ ಹೆಸರು ಹಾಕಿಯೇ ಬರೆದೆ. ಆಮೇಲೆ ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಊಟಕ್ಕೆ ಅವಳು ಮಾಡಿ ತಂದ ಹಣ್ಣಿನ ಪೈಯನ್ನು ಯಾರೂ ಮುಟ್ಟಲಿಲ್ಲ. ಅವಳು ಮರುವರ್ಷವೂ ಬಂದು ಹಾಗೆಯೇ ಬೆನ್ನು ತಿರುಗಿಸಿ ನಿಂತಳು.

ನಾಲ್ಕು ವರ್ಷದ ಹಿಂದೆ, ಸಂಘದ ಕಮಾಂಡರ್ ಆಗಿದ್ದ ನಾನು ಸರ್ಕಾರಕ್ಕೆ ಅರ್ಜಿ ಗುಜರಾಯಿಸಿ, ಆ ಒಂಬತ್ತು ಜನರಿಗೆ ಹೆಸರು ಕೆತ್ತಿದ ಒಂಬತ್ತು ಗ್ರಾನೈಟ್ ಕಲ್ಲು ತರಿಸಿದೆ. ಮುಂದಿನ ವಾರ ಸಿಮೆಂಟು ಹಾಕಿ ಕೂರಿಸುವುದೆಂದು ಶನಿವಾರ ಮಧ್ಯಾಹ್ನ ಸಂಘದ ಹುರುಳಿಸೂಪಿನ ಊಟದಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಆರ್ಡಿತ್ ಎದ್ದು ನಿಂತಳು.

"ಕಲ್ಲು ಹಾಕ್ಬೇಡ. ನೀನು ತಪ್ಪು ಸಾಲು ಎಣಿಸ್ತಿದೀಯ."

"ಏನು?"

"ಕಾರ್ಡು ಬರೆದಾಗ ರಸ್ತೆ ಪೂರ್ವದ ಕಡೆ ಇತ್ತು. ಹೆದ್ದಾರಿ ಆಮೇಲೆ ಬಂದಿದ್ದು, ಪಶ್ಚಿಮಕ್ಕೆ. ಹಳೇ ರಸ್ತೇಲಿ ಈಗ ಜೋಳ ಬೆಳೀತಾರೆ. ಇಪ್ಪತ್ತೊಂಬತ್ತು ವರ್ಷದಿಂದ ನೀನು ಯಾರ್‍ಯಾರದೋ ತಲೆ ಮೇಲೆ ಧ್ವಜ ನೆಡ್ತಿದೀಯ."

ನನಗೆ ಪಿತ್ತ ನೆತ್ತಿಗೇರಿತು. "ಅಮ್ಮಾ ತಾಯೀ, ಫಾರ್ಮಿನ ದಫ್ತರ ಯಾವಾಗ್ಲೋ ಸುಟ್ಟುಹೋಗಿದೆ. ರುಜುವಾತು ಎಲ್ಲಿ? ನಮ್ ಮುತ್ತಜ್ಜನ್ ಕತ್ತಿ ಆಯ್ತು, ಈಗ ಸತ್ತ ಸೈನಿಕರೂ ಸುಳ್ಳಾ?"

"ಸೈನಿಕರು ಸುಳ್ಳಲ್ಲ. ನಿನ್ನೆಣಿಕೆ ಸುಳ್ಳು."

"ಮೂವತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ? ಧ್ವಜಕ್ಕೆ ಬೆನ್ನು ಹಾಕೋಳು ಇವತ್ತು ನಮಗೆ ಪಾಠ ಹೇಳ್ತಾಳೆ!"

ಜನ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಧ್ವಜ ಆದ್ರೆ ಸಂಜೆಗೆ ಕಿತ್ತಿಡ್ತೀಯ, ಅಂತ ಸುಮ್ನಿದ್ದೆ. ಕಲ್ಲು ಕೀಳಕ್ಕಾಗಲ್ಲ" ಅಂದಳು. "ಐದನೇ ಕಲ್ಲಲ್ಲಿರೋ ಓರ್ವಲ್ ಟೀಟರ್ ನಮ್ಮಪ್ಪ. ಶೈವ್ಲಿ ಗಂಡನ ಹೆಸರು, ಅದಕ್ಮುಂಚೆ ಇದ್ದಿದ್ದು ಮಲತಂದೇದು. ಮೊದಲ್ನೇ ಮಹಾಯುದ್ಧಕ್ಕೆ ಹೋಗಿ ಫ್ರಾನ್ಸಲ್ಲಿ ವಿಷಗಾಳಿ ಕುಡಿದು ಬಂದ, ಎದೆ ಹೋಯ್ತು, ಬುದ್ಧಿ ಹೋಯ್ತು. ಫಾರ್ಮಲ್ಲಿ ಸತ್ತ. ಅಪ್ಪ ಆರೆಗಾನಲ್ಲಿ ತೀರ್‍ಕೊಂಡ್ರು ಅಂತ ಹೇಳ್ಬೇಕು, ಸಾಯೋವರೆಗೂ ಹಾಗೇ ಹೇಳ್ಬೇಕು ಅಂತ ಅಮ್ಮ ಬೈಬಲ್ ಮುಟ್ಟಿಸಿ ಆಣೆ ಮಾಡಿಸ್ಕೊಂಡ್ಲು. ಹೆಣದ ಗಾಡಿ ಹಿಂದೆ ನಡ್ಕೊಂಡು ಹೋದವಳು ನಾನೊಬ್ಳೇ. ಹನ್ನೊಂದು ವರ್ಷ ನನಗೆ. ಪೂರ್ವದ ರಸ್ತೆಯಿಂದ ಮೂರನೇ ಸಾಲು, ಉತ್ತರದ ಬೇಲಿಯಿಂದ ಐದನೇದು. ತಲೆ ಕಡೆ ಮೊಳದಾಳದಲ್ಲಿ ಒಂದು ಜಾಡಿ ಹೂತಿದೀನಿ. ಹೋಗಿ ಅಗಿ, ಕಮಾಂಡರ್ ಸಾಹೇಬ."

ಸೌಟು ಹಿಡಿದವರು ಹಾಗೇ ನಿಂತರು. ನನಗೋ ಇನ್ನೂ ಹಠ. ಆಗಲೇ ಟ್ರಕ್ ಹತ್ತಿದೆ, ಅರ್ಧ ಊರು ಬೆನ್ನಿಗೆ ಬಂತು, ಅವಳೂ ಬಂದಳು. ಅವಳನ್ನು ಸುಳ್ಳಿ ಎಂದು ತೋರಿಸುವ ಆಸೆಯಿಂದಲೇ ಸಲಿಕೆ ಹಾಕಿದೆ. ಒಂದು ಮೊಳಕ್ಕೆ ಏನೂ ಸಿಗಲಿಲ್ಲ. "ಸಿಕ್ತಾ ನಿನ್ ನಿಧಿ?" ಅಂದೆ.

"ಎರಡು ಗೇಣು ಎಡಕ್ಕೆ. ಸಲಿಕೆ ಹಿಡಿಯಕ್ಕೂ ನಾನೇ ಹೇಳ್ಕೊಡ್ಬೇಕಾ?"

ಎಡಕ್ಕೆ ಅಗೆದೆ. ಟಕ್ ಎಂದಿತು. ನಮ್ಮ ಅಮ್ಮಂದಿರು ಪೀಚ್ ಹಣ್ಣು ಹಾಕಿ ಮುಚ್ಚಿಡುತ್ತಿದ್ದಂಥ ನೀಲಿ ಗಾಜಿನ ಜಾಡಿ, ಸತುವಿನ ಮುಚ್ಚಳ, ಸುತ್ತ ಮೇಣ. ಒಳಗೆ ಮಡಚಿದ ಶಾಲೆಯ ಹಾಳೆ. ಪೆನ್ಸಿಲಿನ ಗುಂಡಗಿನ ಅಕ್ಷರಗಳಲ್ಲಿ ಅವನ ಹೆಸರು, ರೆಜಿಮೆಂಟಿನ ನಂಬರು, ಅದರ ಕೆಳಗೆ: ಇವರು ನಮ್ಮಪ್ಪ, ಯಾರೂ ತುಳಿಯಬೇಡಿ.

ನಾನು ಓದಿದೆ. ಜಾಡಿಯನ್ನು ಅವಳ ಕೈಗೆ ಕೊಡಹೋದರೆ, "ಚೀಟಿ ಅಂಟಿಸಿ ಜೈಲಲ್ಲಿಡ್ತೀನಿ, ಮಣ್ಣು ಒರೆಸಿ ತಗೊಂಡ್ಬಾ" ಅಂದು ಹೊರಟುಹೋದಳು.

ಒಂಬತ್ತು ಕಲ್ಲನ್ನೂ ಪೂರ್ವದ ಸಾಲಿನಲ್ಲಿ, ಹುಲ್ಲಿನ ಮಟ್ಟಕ್ಕೆ ಕೂರಿಸಿದೆ. ತಪ್ಪಾಯಿತು ಎಂದು ಹೇಳಲು ಜೈಲಿಗೆ ಹೋದೆ. "ನನ್ನ ಕಿವೀಲಿ ಹೇಳಿ ಏನುಪಯೋಗ? ಬೈದಿದ್ದು ಪತ್ರಿಕೇಲಿ ತಾನೆ?" ಅಂದಳು. ಪತ್ರಿಕೆಗೂ ಬರೆದೆ.

ಮೇ ಕೊನೆಯ ಸೋಮವಾರ ಬಂತು. ಜನ ಹೆದ್ದಾರಿಯ ಗೇಟಿನಿಂದ ಒಳಬಂದು, ಅಭ್ಯಾಸಬಲದಿಂದ, ಎಂದಿನ ಜಾಗದಲ್ಲಿ ಎಂದಿನಂತೆ ಪಶ್ಚಿಮಕ್ಕೆ ಮುಖ ಮಾಡಿ ನಿಂತರು. ವಾದ್ಯದವರೂ ಹಾಗೆಯೇ. ಹೆಸರಿನ ಪಟ್ಟಿ ಹಿಡಿದು ನಾನೂ ಹಳೆಯ ಜಾಗಕ್ಕೇ ಹೋಗಿ ನಿಂತಿದ್ದೆ, ಅಷ್ಟು ಪೆದ್ದ. ತಲೆಯೆತ್ತಿ ನೋಡಿದರೆ, ಎಲ್ಲರ ಹಿಂದೆ, ಅದೇ ಬೆನ್ನು. ಅದರಾಚೆ, ಪೂರ್ವಕ್ಕೆ, ಒಂಬತ್ತು ಕಲ್ಲು.

ಗಂಟಲು ಹರಿಯುವಂತೆ ಕೂಗಿದೆ, "ಎಲ್ಲಾರೂ ಹಿಂದೆ ತಿರುಗಿ!"

ನೂರೈವತ್ತು ಜನ ತಿರುಗಿದರು. ಅವಳೊಬ್ಬಳೇ ಇದ್ದಂತೆಯೇ ಇದ್ದಳು. ನಾನು ಜನರ ನಡುವೆ ನುಗ್ಗಿ, ಅವಳನ್ನು ದಾಟಿ, ಕಲ್ಲುಗಳ ಪಕ್ಕ ಹೋಗಿ ಎದುರಾಗಿ ನಿಂತೆ. ಕಹಳೆಯ ಹೊತ್ತಿನಲ್ಲಿ ಅವಳ ಮುಖವನ್ನು ನಾನು ಕಂಡದ್ದು ಅದೇ ಮೊದಲು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ನಾನು ನೋಡುತ್ತಿದ್ದುದನ್ನು ಕಂಡಳು.

"ನನ್ನೇನ್ ನೋಡ್ತೀಯ? ಹೆಸರು ಓದು, ಡೆಲ್ಮರ್" ಅಂದಳು.

ಓದಿದೆ. ಐದನೆಯ ಹೆಸರು, ಓರ್ವಲ್ ಟೀಟರ್, ಎರಡು ಸಲ ಓದಿದೆ.