ತಾನಾಗಿ ತಿರುಗಿದ ರೀಲು

ಕೆರೆಯ ನಟ್ಟನಡುವೆ ಒಬ್ಬ ಹೆಂಗಸು ಸ್ಟೂಲು ಹಾಕಿಕೊಂಡು ಕೂತಿದ್ದರು. ದಡದಲ್ಲಿ ನಿಂತ ನನ್ನನ್ನು ನೋಡಿ, ಮನೆಯ ಜಗಲಿಯಿಂದ ಕರೆದ ಹಾಗೆ, "ಬಾ, ನಡೆದುಕೊಂಡೇ ಬಾ" ಎಂದು ಕೈಬೀಸಿದರು. ನೀರಿನ ಮೇಲೆ ಕಾಲಿಡುವುದೆಂದರೆ ಮುಳುಗುವುದು ಎಂದಷ್ಟೇ ಗೊತ್ತಿದ್ದ ನಾನು ಮೊದಲ ಹೆಜ್ಜೆಯನ್ನು ಬೂಟಿನ ತುದಿಯಿಂದ ತಟ್ಟಿ ನೋಡಿ ಇಟ್ಟೆ. ಕೆಳಗೆ ಕಪ್ಪು ಗಾಜಿನಂಥ ಮಂಜುಗಡ್ಡೆ. ಅದರೊಳಗೆ ನೀರ್ಗುಳ್ಳೆಗಳು ಹೊರಟ ಜಾಗದಲ್ಲೇ ಸಿಕ್ಕಿಬಿದ್ದಿದ್ದವು. ಇನ್ನೂ ಕೆಳಗೆ ಪಾಚಿ ನಿಧಾನವಾಗಿ ತಲೆಯಾಡಿಸುತ್ತಿತ್ತು.

ಹಾಗೆ ಕೂತಿದ್ದವರು ಕಿರ್ಸಿ. ಮ್ಯಾಂಚೆಸ್ಟರಿನ ವಿದನ್‌ಶಾದ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವೈದ್ಯೆಯಾಗಿ ಸೇರಿದಾಗ ಅವರು ಅಲ್ಲಿ ಎಕ್ಸ್‌ರೇ ವಿಭಾಗದ ಹಿರಿಯ ಡಾಕ್ಟರು. ಫಿನ್ಲೆಂಡಿನವರು, ಇಂಗ್ಲೆಂಡಿಗೆ ಬಂದು ಅರ್ಧ ಆಯುಸ್ಸು ಕಳೆದಿತ್ತು. ಮಾತು ಕಮ್ಮಿ. ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಊಟ ಮುಗಿಸಿ, ಒಂದೂ ಮಾತಾಡದೆ, "ಚೆನ್ನಾಗಿತ್ತು" ಎಂದು ಎದ್ದು ಹೋಗುತ್ತಿದ್ದರು. ಊಟವೋ ನನ್ನ ಜೊತೆಯೋ ಎಂದು ಬಹಳ ದಿನ ತಿಳಿಯಲಿಲ್ಲ.

ಎರಡು ಸಾವಿರದ ಹತ್ತರ ಆ ಚಳಿಗಾಲವನ್ನು ಇಲ್ಲಿಯವರು ಈಗಲೂ ನೆನೆಯುತ್ತಾರೆ. ನನ್ನ ಗಂಡ ರಘುವಿಗೆ ಹಡರ್ಸ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯನ, ತರಬೇತಿ. ನಡುವೆ ಬೆಟ್ಟದ ರಸ್ತೆ. ಹಿಮ ಬಿದ್ದರೆ ಅದು ಮುಚ್ಚುತ್ತಿತ್ತು, ಅವನ ಡ್ಯೂಟಿಯ ರೋಟಾ ಅಂತೂ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ನಾನಿದ್ದದ್ದು ಸಾಲುಮನೆಯೊಂದರಲ್ಲಿ. ಪಕ್ಕದ ಮನೆಯವರು ಮೆಟ್ಟಿಲು ಹತ್ತಿದ್ದು ನನ್ನ ಗೋಡೆಯೊಳಗೆ ಕೇಳುತ್ತಿತ್ತು. ಆದರೆ ಅವರ ಮುಖವನ್ನೇ ನಾನು ಕಂಡಿರಲಿಲ್ಲ. ಊರಲ್ಲಿ ಬೆಳಗಿನ ಹಾಲಿನವನಿಂದ ಹಿಡಿದು ಸಂಜೆಯ ಹೂವಿನವಳ ತನಕ ಯಾರೋ ಒಬ್ಬರು ಕರೆಯುತ್ತಲೇ ಇರುತ್ತಾರೆ. ಇಲ್ಲಿ ಶನಿವಾರ ಬಾಯಿ ಮುಚ್ಚಿದರೆ ಸೋಮವಾರ ಆಸ್ಪತ್ರೆಯಲ್ಲಿ ತೆರೆಯುವುದು. ಒಗ್ಗರಣೆ ಹಾಕುವಾಗ ನನ್ನಷ್ಟಕ್ಕೆ ಕನ್ನಡದಲ್ಲಿ ಏನೋ ಹೇಳಿಕೊಂಡು, ಆ ದನಿಗೆ ನಾನೇ ಬೆಚ್ಚಿದ್ದುಂಟು.

ಬಹುಶಃ ಅದಕ್ಕೇ, ಕಿರ್ಸಿ ಒಂದು ದಿನ "ನಿನಗೆ ಮೀನು ಹಿಡಿಯಲು ಬರುತ್ತದೆಯಾ?" ಎಂದಾಗ ಬರುವುದಿಲ್ಲ ಎನ್ನುವ ಬದಲು "ಯಾವಾಗ ಬರಲಿ?" ಎಂದೆ.

ಅವರ ಮನೆಯ ಊಟದ ಮೇಜಿನ ಮೇಲೆ ರೀಲುಗಳನ್ನು ಹರಡಿದ್ದರು. ಗಾಳದ ದಾರ ಸುತ್ತುವ ರೀಲಿನಲ್ಲಿ ಇಷ್ಟು ಬಗೆಯಿದೆಯೆಂದು ನನಗೆ ಗೊತ್ತಿರಲಿಲ್ಲ. ಮಾಮೂಲಿ ರೀಲಿನಲ್ಲಿ ದಾರದ ಉರುಳೆ ಅಲ್ಲಾಡದೆ ನಿಂತಿರುತ್ತದೆ, ದಾರ ಅದರ ಸುತ್ತ ಸುತ್ತಿಕೊಳ್ಳುತ್ತದೆ. ಹಾಗಾಗಿ ಬಿಡುವಾಗ ದಾರ ತಿರುಚಿಕೊಂಡು ಮುರಿ ಬೀಳುತ್ತದೆ.

"ಮಂಜುಗಡ್ಡೆಯಲ್ಲಿ ಕೊರೆದ ತೂತಿನಲ್ಲಿ ಗಾಳ ನೆಟ್ಟಗೆ ನೇತಾಡುತ್ತದೆ," ಕಿರ್ಸಿ ಹೇಳಿದರು. "ದಾರದಲ್ಲಿ ಮುರಿ ಇದ್ದರೆ ಎರೆ ತಾನೇ ತಾನಾಗಿ ಗಿರಗಿರ ತಿರುಗುತ್ತದೆ. ಮೀನು ಹತ್ತಿರ ಬಂದು ನೋಡುತ್ತದೆ, ಇದು ಸರಿಯಿಲ್ಲ ಅಂತ ಹೊರಟುಹೋಗುತ್ತದೆ."

ಇನ್‌ಲೈನ್ ರೀಲು ಬೇರೆ. ಬಾವಿಯ ರಾಟೆಯ ಹಾಗೆ ಅದರ ಉರುಳೆಯೇ ತಿರುಗುತ್ತದೆ. ದಾರ ನೇರವಾಗಿ ಹೊರಟು ನೇರವಾಗಿ ಕೋಲಿನ ಕೆಳಗೆ ಸಾಗುತ್ತದೆ. ಉರುಳೆ ಅಗಲವಾಗಿದ್ದಷ್ಟೂ ಚಳಿಯಲ್ಲಿ ದಾರ ಸುರುಳಿ ಹಿಡಿಯುವುದು ಕಮ್ಮಿ. ಒಳಗಿನ ಬೇರಿಂಗಿನ ಗುಂಡುಗಳು ನುಣುಪಾಗಿದ್ದರೆ ಒಂದು ಗುಂಡಿ ಒತ್ತಿದೊಡನೆ ಎಂಥ ಹಗುರ ಎರೆಯೂ ತನ್ನ ಭಾರಕ್ಕೇ ಇಳಿಯುತ್ತದೆ. ಅದಕ್ಕೆ ದಪ್ಪ ಎಣ್ಣೆ ಹಾಕಬಾರದು, ಗಟ್ಟಿಯಾಗಿಬಿಡುತ್ತದೆ. ಮೀನು ಎಳೆದಾಗ ದಾರವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಷ್ಟು ಬಿಡಬೇಕು ಎಂಬುದಕ್ಕೆ ಪಕ್ಕದಲ್ಲಿ ಒಂದು ತಿರುಪು.

"ನೀನು ಯಾವ ಕೈಯವಳು?"

"ಎಡಗೈ" ಎಂದೆ. ಊರಲ್ಲಿ ಈ ಮಾತಿಗೆ ಅಜ್ಜಿ ಮುಖ ಸಿಂಡರಿಸುತ್ತಿದ್ದರು. ಕಿರ್ಸಿ ತಲೆಯಾಡಿಸಿ, ಬಲಗೈಯಲ್ಲಿ ತಿರುಗಿಸುವ ರೀಲೊಂದನ್ನು ನನ್ನ ಎಡ ಅಂಗೈಯಲ್ಲಿಟ್ಟರು. ಕೋಲು ಮೊಳದುದ್ದವೂ ಇರಲಿಲ್ಲ. ರೀಲನ್ನು ಅಂಗೈಯೊಳಗೆ ಇಟ್ಟು, ಕೋಲನ್ನು ಬೆರಳ ಸಂದಿಯಲ್ಲಿ ಹಿಡಿಯಬೇಕು. "ಕಣ್ಣು ಮುಚ್ಚು. ಭಾರ ಮುಂದಕ್ಕೂ ಹಿಂದಕ್ಕೂ ವಾಲಬಾರದು. ಅದು ನಿನ್ನ ಕೈ ಅನ್ನಿಸಿದರೆ ಸರಿ." ಮೂರನೆಯದು ಹಾಗನ್ನಿಸಿತು. ಬಿಳಿಚಿದ ಹಸಿರು ಬಣ್ಣದ್ದು. ತಿರುಗಿಸುವ ಹಿಡಿಗೆ ಬೆಂಡು ಅಂಟಿಸಿತ್ತು, ಒದ್ದೆ ಬೆರಳು ಕಬ್ಬಿಣಕ್ಕೆ ಕಚ್ಚಿಕೊಳ್ಳದಿರಲೆಂದು.

ಕೆರೆ ಇದ್ದದ್ದು ದಕ್ಷಿಣಕ್ಕೆ, ಕಾರಿನಲ್ಲಿ ಹೋದರೆ ಹತ್ತಿರವೇ, ಚೆಶೈರಿನ ಹೊಲವೊಂದರಲ್ಲಿ. ಹೊಲದ ಯಜಮಾನ ಕಿರ್ಸಿಗೆ ಗೊತ್ತಿದ್ದವನು. ಇಂಗ್ಲೆಂಡಿನಲ್ಲಿ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವವರೇ ಇಲ್ಲ, ಅಷ್ಟು ಗಟ್ಟಿ ಕಟ್ಟುವುದೇ ಅಪರೂಪ. ಕಿರ್ಸಿ ಹೆಜ್ಜೆಹೆಜ್ಜೆಗೂ ಕೊರೆದು ಅಳೆದ ಮೇಲೆಯೇ ನನ್ನನ್ನು ಕರೆದದ್ದು. ತಮ್ಮ ಕೊರಳಿಗೂ ನನ್ನ ಕೊರಳಿಗೂ ಮೊನಚು ಮೊಳೆಯ ಎರಡೆರಡು ಹಿಡಿಕೆಗಳನ್ನು ನೇತುಹಾಕಿದರು. ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಲು. ನನ್ನ ಚೀಲದೊಳಗೆ ಒಂದು ಹಗ್ಗ ಹಾಕಿದರು.

ಆ ಮೊದಲ ದಿನ ನನಗೆ ಮೀನು ಸಿಕ್ಕಿತು. ಪರ್ಚ್ ಎನ್ನುತ್ತಾರೆ, ಮೈತುಂಬ ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಹುಳಿ ಮಾಡುವ ಲೆಕ್ಕದಲ್ಲಿ ನಾನಿದ್ದರೆ ಕಿರ್ಸಿ ಅದನ್ನು ಮೆಲ್ಲಗೆ ತೂತಿನೊಳಗೆ ಬಿಟ್ಟರು. "ಇದು ಇಲ್ಲಿಯ ಪದ್ಧತಿ. ನಮ್ಮಲ್ಲಾದರೆ ಹುರಿದು ತಿನ್ನುತ್ತಿದ್ದೆವು." ರಾತ್ರಿ ಫೋನಿನಲ್ಲಿ ರಘು ನಕ್ಕ. "ಹಿಡಿದು ಬಿಟ್ಬಿಟ್ರಾ? ಹಾಗಾದ್ರೆ ಹೋಗಿದ್ದೇನಕ್ಕೆ?" ಆ ರಾತ್ರಿ ನಾನು ಎಷ್ಟೋ ದಿನದ ಮೇಲೆ ಹಸಿದು ಊಟ ಮಾಡಿದ್ದೆ.

ಅವನಿಗೆ ಹೇಳದಿದ್ದದ್ದು ಆ ಕೆರೆಯ ಸದ್ದು. ಮಂಜುಗಡ್ಡೆ ಸುಮ್ಮನಿರುವುದಿಲ್ಲ. ದೂರದಲ್ಲಿ ತಂತಿ ಮೀಟಿದಂತೆ ಶುರುವಾಗಿ, ಕಾಲಡಿಯಲ್ಲಿ ಹಾದು, ಆಚೆ ದಡಕ್ಕೆ ಹೋಗಿ ನರಳುತ್ತದೆ. ಅದು ಒಳ್ಳೆಯ ಲಕ್ಷಣ, ಮಂಜುಗಡ್ಡೆ ಬೆಳೆಯುತ್ತಿದೆ ಎಂದರು ಕಿರ್ಸಿ. ಆದರೆ ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಗಳ ಊರಲ್ಲಿ. ಆಳದಲ್ಲಿ ಬಂಡೆ ಸಿಡಿದರೆ ಮನೆಯ ಪಾತ್ರೆಗಳು ನಡುಗುತ್ತಿದ್ದವು. ಅಮ್ಮ ತರಕಾರಿ ಹೆಚ್ಚುವ ಕೈ ನಿಲ್ಲಿಸಿ, ನೆಲಕ್ಕೆ ಅಂಗೈ ಊರಿ, ಮತ್ತೆ ಹೆಚ್ಚತೊಡಗುತ್ತಿದ್ದರು. ನೆಲದ ಸದ್ದನ್ನು ಒಳ್ಳೆಯ ಲಕ್ಷಣವೆಂದು ನಂಬುವುದು ನನ್ನಿಂದ ಆಗಲಿಲ್ಲ.

ಮುಂದಿನ ವಾರ ಹೋದಾಗ ಮಧ್ಯಾಹ್ನಕ್ಕೇ ದಟ್ಟ ಮಂಜು ಕವಿದಿತ್ತು. ಚಳಿ ಇನ್ನೂ ಬಿಗಿದಿತ್ತು, ಮಂಜುಗಡ್ಡೆ ದಪ್ಪವೇ ಇತ್ತು. ಎರಡು ತೂತು ಕೊರೆದೆವು. ಎರಡರಲ್ಲೂ ನೀರು ಉಕ್ಕಿ ಬಾಯಿತನಕ ನಿಂತಿತು. ನಾನು ದಡಕ್ಕೆ ಹತ್ತಿರ ಕೂತೆ, ಕಿರ್ಸಿ ನಡುವಿಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೆಂಪು ಟೋಪಿಯೂ ಮಂಜಿನಲ್ಲಿ ಕರಗಿತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಅಂಗೈಯಲ್ಲಿ ರೀಲು ತಿರುಗತೊಡಗಿತು.

ಮೀನು ಎಳೆದರೆ ಜಗ್ಗುತ್ತದೆ, ನಿಲ್ಲುತ್ತದೆ, ಮತ್ತೆ ಜಗ್ಗುತ್ತದೆ. ಇದು ಹಾಗಿರಲಿಲ್ಲ. ಯಾರೋ ಕೆಳಗೆ ಕೂತು, ಅವಸರವಿಲ್ಲದೆ, ದಾರವನ್ನು ತಮ್ಮ ಕಡೆಗೆ ಸುತ್ತಿಕೊಳ್ಳುತ್ತಿರುವಂತಿತ್ತು. ತಿರುಪು ಬಿಗಿಮಾಡಿದೆ. ಉರುಳೆ ನಿಂತಿತು, ಕೋಲಿನ ತುದಿ ಮೆಲ್ಲಗೆ ಬಾಗಿತು, ಬಾಗಿಯೇ ಇತ್ತು. ನೆಟ್ಟಗಿರಬೇಕಾದ ದಾರ ಓರೆಯಾಗಿ ಮಂಜುಗಡ್ಡೆಯಡಿಗೆ ಹೋಗಿತ್ತು.

ಬಗ್ಗಿ ನೋಡಿದೆ. ತೂತಿನ ಬಾಯಲ್ಲಿ ನೀರಿರಲಿಲ್ಲ. ಒಂದು ಗೇಣು ಕೆಳಗೆ ಕತ್ತಲೆ ಹೊಳೆಯುತ್ತಿತ್ತು. ಮಂಡಿಯೂರಿ ಮುಖ ಹತ್ತಿರ ತಂದೆ.

ಕೆಳಗೆ ಒಬ್ಬ ಹೆಂಗಸು ಮಾತಾಡುತ್ತಿದ್ದಳು.

ಮೆಲುದನಿ. ಮಗುವಿಗೆ ತಟ್ಟುತ್ತ ಹೇಳಿದಂಥ ಮಾತು. ಒಂದು ಪದವೂ ತಿಳಿಯಲಿಲ್ಲ, ಆದರೆ ಕಿವಿಗೆ ಅಷ್ಟು ಹತ್ತಿರವಿತ್ತು. ನನ್ನ ಬಾಯಿಂದ ಬಂದದ್ದು ಕನ್ನಡ.

"ಯಾರು?"

ದನಿ ಥಟ್ಟನೆ ನಿಂತಿತು. ಮರುಕ್ಷಣ ಮಂಜಿನಾಚೆಯಿಂದ ಕಿರ್ಸಿ ಕಿರುಚಿದರು. "ವಸುಧಾ! ನೀರೊಳಗೆ ಯಾರೋ ಇದ್ದಾರೆ!"

ಆಗ ತಿಳಿಯಿತು. ಅವರು ತಮ್ಮ ತೂತಿನೊಳಗೆ ಫಿನ್ನಿಶ್‌ನಲ್ಲಿ ಮಾತಾಡುತ್ತಿದ್ದರು, ನಾನು ನನ್ನದರೊಳಗೆ ಕೇಳುತ್ತಿದ್ದೆ, ನನ್ನ "ಯಾರು?" ಅವರದರಲ್ಲಿ ಕೇಳಿಸಿತ್ತು. ನಡುವೆ ನೀರಿದ್ದರೆ ಅದು ಸಾಧ್ಯವೇ ಇಲ್ಲ. ಮಂಜುಗಡ್ಡೆಯನ್ನು ಅಂಗೈಯಿಂದ ಬಡಿದೆ. ಖಾಲಿ ಗಡಿಗೆಯ ಸದ್ದು.

"ಕಿರ್ಸಿ, ನಡೀಬೇಡಿ! ಕೆಳಗೆ ಟೊಳ್ಳು! ನೀರು ಇಳಿದುಹೋಗ್ತಿದೆ, ಮಲಗಿ!"

ಅವರು ಆಗಲೇ ನನ್ನ ಕಡೆ ಓಡುತ್ತಿದ್ದರು. ಕೆಂಪು ಟೋಪಿ ಮಂಜಿನಿಂದ ಹೊರಬಂತು, ಹೊರಬಂದಲ್ಲೇ ಕೆಳಗೆ ಹೋಯಿತು. ಮಂಜುಗಡ್ಡೆ ಒಡೆದ ಸದ್ದು ನನಗೆ ನೆನಪಿಲ್ಲ. ಅವರು ಉಸಿರೆಳೆದುಕೊಂಡ ಸದ್ದು ನೆನಪಿದೆ.

ಚೀಲದ ಹಗ್ಗ ಹಿಡಿದು ಹೊಟ್ಟೆಯ ಮೇಲೆ ತೆವಳಿದೆ. ಎದೆಮಟ್ಟ ನೀರಿನಲ್ಲಿ ನಿಂತು ಅವರು ಎರಡೂ ಮೊಳೆಗಳನ್ನು ಅಂಚಿಗೆ ಚುಚ್ಚಿದ್ದರು. ಅಂಚು ಮುರಿಯುತ್ತಲೇ ಇತ್ತು.

"ನೀರು ಕಾಲು ಎಳೆಯುತ್ತಿದೆ," ಎಂದರು. ಕೂಗಲಿಲ್ಲ, ನನಗೊಂದು ವಿಷಯ ತಿಳಿಸಿದಂತೆ ಹೇಳಿದರು.

ಹಗ್ಗ ಎಸೆದೆ. ಎರಡನೆಯ ಸಲ ಅವರ ಮೊಣಕೈಗೆ ಸಿಕ್ಕಿತು. ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದು, ನನ್ನ ತೂತಿನತನಕ ಹಿಂದಕ್ಕೆ ತೆವಳಿ, ಬೂಟಿನ ಹಿಮ್ಮಡಿಯನ್ನು ಅದರ ಅಂಚಿಗೆ ಒತ್ತಿ ಹಿಂದಕ್ಕೆ ವಾಲಿದೆ. ಆಸ್ಪತ್ರೆಯಲ್ಲಿ ನನ್ನ ಕೆಲಸ ಜನರನ್ನು ಕೆಳಗೆ ಕಳಿಸಿ ಮತ್ತೆ ಮೇಲೆ ಕರೆತರುವುದು. ಅಲ್ಲಿ ಅದಕ್ಕೆ ಯಂತ್ರಗಳಿವೆ. ಇಲ್ಲಿ ನಾನು "ಬನ್ನಿ, ಬನ್ನಿ" ಎಂದು ಕನ್ನಡದಲ್ಲೇ ಒರಲುತ್ತಿದ್ದೆ. ಒಂದು ಮೊಳೆ ಹಿಡಿಯಿತು, ಇನ್ನೊಂದು ಹಿಡಿಯಿತು. ದೊಡ್ಡ ಮೀನಿನ ಹಾಗೆ ಅವರು ಮೇಲಕ್ಕೆ ಜಾರಿ ಬಂದರು.

ಇಬ್ಬರೂ ತೆವಳಿಕೊಂಡೇ ದಡ ಸೇರಿದೆವು. ತಿರುಗಿ ನೋಡುವಷ್ಟರಲ್ಲಿ ಕೆರೆ ಒಂದು ನಿಟ್ಟುಸಿರು ಬಿಟ್ಟಿತು. ಇಡೀ ಮಂಜುಗಡ್ಡೆ, ನಮ್ಮ ಸ್ಟೂಲುಗಳ ಸಮೇತ, ನಿಧಾನವಾಗಿ ನಡುವಿಗೆ ಕುಸಿದು ಬಟ್ಟಲಿನಂತಾಯಿತು.

ಹೊಲದ ಯಜಮಾನ ಕಂಬಳಿ ಹೊದಿಸಿ ಒಲೆಯ ಮುಂದೆ ಕೂರಿಸಿದ. ಆ ಸೀಮೆಯ ನೆಲದಡಿಯಲ್ಲೆಲ್ಲ ಉಪ್ಪು. ಹಿಂದಿನವರು ಅದನ್ನು ಕರಗಿಸಿ ಮೇಲೆತ್ತಿದ್ದರಿಂದ ಅಲ್ಲಲ್ಲಿ ಪೊಳ್ಳು ಬಿಟ್ಟಿದೆ. ಅಂಥ ಯಾವುದೋ ಒಂದು ಪೊಳ್ಳು ಬಾಯಿ ತೆರೆದು ಕೆರೆಯನ್ನು ಕುಡಿಯಿತು. "ನನ್ನ ಅಪ್ಪನ ಕಾಲದಲ್ಲಿ ಒಂದು ಕೊಟ್ಟಿಗೆ ಹೀಗೇ ಹೋಯಿತು" ಎಂದು ಅವನು ಚಹಾ ಸುರಿಯುತ್ತ ಹೇಳಿದ. ಮುಂದೆ ನಾವು ಮನೆ ಕೊಳ್ಳುವಾಗ ವಕೀಲರು ಆ ಪೋಸ್ಟ್‌ಕೋಡಿನ ನೆಲದಡಿ ಏನಿದೆಯೆಂದು ಮೊದಲು ವಿಚಾರಿಸಿದರು. ಊರಲ್ಲಿ ನಾವು ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತೇವೆ.

ಕಾರಿನಲ್ಲಿ ವಾಪಸಾಗುವಾಗ ಕೇಳಿದೆ. "ತೂತಿನೊಳಗೆ ಯಾರ ಜೊತೆ ಮಾತಾಡ್ತಿದ್ದಿರಿ?"

"ಯಾರ ಜೊತೆಯೂ ಅಲ್ಲ. ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಗಂಡ ಇದ್ದಾಗಲೂ ಅಷ್ಟೇ. ಎಲ್ಲಾದರೂ ಒಂದು ಕಡೆ ಆಡಬೇಕಲ್ಲ." ಸ್ವಲ್ಪ ದೂರ ಹೋದ ಮೇಲೆ ಅಂದರು, "ಇಷ್ಟು ವರ್ಷದಲ್ಲಿ ಇವತ್ತು ಮೊದಲ ಸಲ ಅಲ್ಲಿಂದ ಉತ್ತರ ಬಂತು. ನಾನು ಅದಕ್ಕೇ ಓಡಿದ್ದು. ಹೆದರಿಕೆಗಲ್ಲ."

ಕೆಲವು ವರ್ಷಗಳ ನಂತರ ಕಿರ್ಸಿ ನಿವೃತ್ತರಾಗಿ ಫಿನ್ಲೆಂಡಿಗೆ ಮರಳಿದರು. ಅಷ್ಟರಲ್ಲಿ ರಘು ಮ್ಯಾಂಚೆಸ್ಟರಿಗೆ ಬಂದಿದ್ದ, ನಮಗೊಬ್ಬಳು ಮಗಳಾಗಿದ್ದಳು. ಮೊನ್ನೆ ಸಂಜೆ ಅಡುಗೆ ಮಾಡುತ್ತಿದ್ದಾಗ ಕಿರ್ಸಿಯ ಫೋನು ಬಂತು.

"ಬ್ರೆಡ್ಡಿನ ಅಂಗಡಿಯವಳು ನನ್ನ ಮಾತು ಕೇಳಿ ಎಲ್ಲಿಯವರು ಅಂದಳು," ಎಂದರು. "ಈ ಊರಲ್ಲೇ ಹುಟ್ಟಿದವಳು ಅಂದೆ. ನಂಬಲಿಲ್ಲ. ಮ್ಯಾಂಚೆಸ್ಟರ್ ಅಂದೆ. ಅದನ್ನೂ ನಂಬಲಿಲ್ಲ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಯಾರೂ ಫೋನು ಇಡಲಿಲ್ಲ. ಆ ಕಡೆ ಅವರ ಗಡಿಯಾರ, ಈ ಕಡೆ ನನ್ನ ಕುಕ್ಕರು.

"ಯಾರಮ್ಮಾ ಅದು?" ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ನಮ್ಮೂರಿನವರು ಕಣೇ" ಎಂದೆ. ಯೋಚಿಸದೆ ಬಂದ ಮಾತು.

"ವಿಚ್ ಊರು, ಅಮ್ಮಾ?"

ನಾನು ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದೆ.