ಮೆಂತ್ಯದ ಡಬ್ಬಿಯಲ್ಲಿದ್ದ ಮೂರನೆಯ ಕೀ

ನಮ್ಮ ಮಾವನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಾರಿನ ಗುಂಡಿ ಒತ್ತಲು ಬರುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ. ಕೊಯಮತ್ತೂರಿನ ಒಬ್ಬರಿಂದ ಅವರು ಹಳೆಯ ಕಾರೊಂದನ್ನು ಕೊಂಡು ತಂದರು. ಗಡಿಯ ತಮಿಳು ಬದಿಗಿರುವ ನಮ್ಮೂರು ದೊಡ್ಡಗಾಜನೂರಿನಲ್ಲಿ ಅದಕ್ಕೂ ಮುಂಚೆ ಕಾರು ಇರಲಿಲ್ಲವೆಂದಲ್ಲ, ಗುಂಡಿ ಒತ್ತಿದರೆ ದೂರದಿಂದಲೇ ಓಗೊಡುವ ಕಾರು ಇರಲಿಲ್ಲ. ಮಾವ ಟೀ ಅಂಗಡಿಯ ಬೆಂಚಿನಲ್ಲಿ ಕೂತು, ಜೇಬಿನೊಳಗೇ ಕೀ ಒತ್ತುವರು. ಎದುರಿಗೆ ನಿಂತ ಕಾರು ‘ಕುಂಯ್ ಕುಂಯ್’ ಎಂದು ದೀಪ ಮಿಟುಕಿಸುವುದು. ಯಾರಾದರೂ “ಯಜಮಾನ್ರೆ, ಇನ್ನೊಂದ್ಸಲ” ಎಂದರೆ ಮುಗಿಯಿತು, ಆ ಟೀ ಮಾವನ ಲೆಕ್ಕಕ್ಕೆ.

ಓಡಿಸಲು ಒಮ್ಮೆ ಪ್ರಯತ್ನಿಸಿದ್ದರು. ಕಾರು ನೇರವಾಗಿ ಹೋಗಿ ತಿಪ್ಪೆಗುಂಡಿಯಲ್ಲಿ ಮೂತಿ ಇಟ್ಟಿತು. ಎತ್ತು ಕಟ್ಟಿ ಎಳೆಸಬೇಕಾಯಿತು. ಅಂದಿನಿಂದ ಓಡಿಸುವ ಕೆಲಸ ನನ್ನ ಗಂಡನದು. ಅವರೋ ಬೆಳಗಾಗುವ ಮೊದಲೇ ತರಕಾರಿ ವ್ಯಾನಿನ ಜೊತೆ ಮಾರ್ಕೆಟ್ಟಿಗೆ ಹೊರಡುವವರು. ಹೀಗಾಗಿ ಕಾರು ಮದುವೆ ಮುಂಜಿ, ಸಂಜೆ ಮಾವನಿಗಾಗಿ ಟೀ ಅಂಗಡಿಯ ಮುಂದೆ ನಿಲ್ಲುವ ಹೊತ್ತು ಬಿಟ್ಟರೆ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಇರುತ್ತಿತ್ತು.

ಆ ಮನೆಯಲ್ಲಿ ಕಾರು ಓಡಿಸಲು ಸರಿಯಾಗಿ ಬರುತ್ತಿದ್ದುದು ನನಗೆ. ನನ್ನ ತವರು ಗಡಿಯಾಚೆ, ಚಾಮರಾಜನಗರದ ಕಡೆ. ಅಪ್ಪನ ಟ್ರ್ಯಾಕ್ಟರ್ ಓಡಿಸಿಕೊಂಡೇ ಬೆಳೆದವಳು. ಲೈಸೆನ್ಸೂ ಇತ್ತು. ಹೆಣ್ಣು ನೋಡಲು ಬಂದಾಗ ಅಪ್ಪ ಹೆಮ್ಮೆಯಿಂದ ಅದನ್ನು ಹೇಳಿದ್ದರು. ಇವರೆಲ್ಲ “ಒಳ್ಳೇದು ಒಳ್ಳೇದು” ಎಂದು ಚಕ್ಕುಲಿ ತಿಂದರು. ಮದುವೆಯಾದ ಮೇಲೆ ಲೈಸೆನ್ಸು ಟ್ರಂಕಿನ ತಳ ಸೇರಿತು. ಕಾರು ಬಂದ ಹೊಸತರಲ್ಲಿ ಧೈರ್ಯ ಮಾಡಿ ಕೇಳಿದೆ.

“ಮಾವ, ನಾನು ಓಡಿಸ್ಲಾ?”

“ನೀನ್ ಓಡುಸ್ದ್ರೆ, ಯಾಕ್ರಪ್ಪಾ ಇವುನ್ ಮಗುಂಗೆ ಕಯ್ ಇಲ್ವಾ ಅಂತ ಊರೋರು ಕೇಳಲ್ವಾ ಕೂಸೇ?”

ಅವರು ಕೋಪದಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಹೀಗಿರುವಾಗ ಒಂದು ದಿನ ಕಾರು ತೊಳೆಯುತ್ತ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಎತ್ತಿದೆ. ಅದರಡಿಯ ಸ್ಪಾನರ್ ಚೀಲದಲ್ಲಿ ಒಂದು ಕೀ ಸಿಕ್ಕಿತು. ಗುಂಡಿಯಿಲ್ಲದ, ಪುಟ್ಟ ಕಪ್ಪು ಕೀ. ಹಾಕಿ ತಿರುಗಿಸಿದರೆ ಎಂಜಿನ್ ಗುರ್ ಎಂದಿತು. ಅದನ್ನು ಮಾವನವರಿಗೆ ಕೊಡಬೇಕಾಗಿತ್ತು. ಕೊಡಲಿಲ್ಲ.

ಯಾಕೆಂದು ಹೇಳಬೇಕಾದರೆ ನಮ್ಮ ಅತ್ತೆಯ ಸೊಂಟದ ಬಗ್ಗೆ ಹೇಳಬೇಕು. ಮನೆಯ ಬೀಗದ ಕೈಗಳೆಲ್ಲ ಅಲ್ಲಿದ್ದವು. ಬೀರು, ಪೆಟ್ಟಿಗೆ, ರಾಗಿ ಕೋಣೆ, ಕೊನೆಗೆ ಸಕ್ಕರೆ ಇಡುವ ಕಪಾಟಿನದೂ. ಕಾರಿನ ಎರಡನೇ ಕೀ ಬಂದ ದಿನವೇ ಆ ಗೊಂಚಲಿಗೆ ಸೇರಿತ್ತು, ಗಂಡನಿಗೆ ಬೇಕಾದಾಗ ಬಿಚ್ಚಿ ಕೊಡುತ್ತಿದ್ದರು. ಅತ್ತೆ ನಡೆದರೆ ಎತ್ತಿನ ಗಾಡಿ ಬಂದ ಹಾಗೆ ಸದ್ದಾಗುತ್ತಿತ್ತು. ನನಗೂ ಅವರಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. “ಉಪ್ಪು ಕಮ್ಮಿ”, “ನೀರ್ ಬಂತು”, ಅಷ್ಟೆ. ಆ ಮನೆಯಲ್ಲಿ ನನ್ನದು ಎನ್ನುವಂಥ ಒಂದೇ ಒಂದು ಬೀಗದ ಕೈ ಇರಲಿಲ್ಲ. ಸಿಕ್ಕಿದ್ದನ್ನು ಬಿಡಲು ನನಗೇನು ತಲೆ ಕೆಟ್ಟಿತ್ತೆ? ಮೆಂತ್ಯದ ಡಬ್ಬಿಯ ತಳದಲ್ಲಿ ಹೂತಿಟ್ಟೆ.

ಮಧ್ಯಾಹ್ನ ಗಂಡಸರು ಹೊರಗೆ, ಅತ್ತೆ ಊಟ ಮಾಡಿ ನಡುಮನೆಯಲ್ಲಿ ಮುಸುಕೆಳೆದು ಮಲಗುವರು. ನಾನು ಹಿಂದಿನ ಗೇಟಿನಿಂದ ಕಾರು ಹೊರಡಿಸಿ ನಮ್ಮ ಹೊಲದ ದಾರಿಯಲ್ಲಿ ಪಂಪ್‌ಸೆಟ್ ಮನೆಯವರೆಗೆ ಹೋಗಿ, ತಿರುಗಿಸಿಕೊಂಡು ಬರುತ್ತಿದ್ದೆ. ಕಾಲು ಗಂಟೆ. ಆ ಕಾಲು ಗಂಟೆಗಾಗಿಯೇ ದಿನದ ಮಿಕ್ಕ ಹೊತ್ತನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ ಎಂದರೆ ಸುಳ್ಳಲ್ಲ.

ಆಮೇಲೆ ಆಲೂಗಡ್ಡೆ ಕೀಳುವ ಕಾಲ ಬಂತು. ಹೊಲದಲ್ಲಿ ಕೂಲಿಯವರ ಮುಂದೆ ಮಾವ ಕೀಯ ಗುಂಡಿ ತೋರಿಸಿ ಮೇಲುಜೇಬಿಗೆ ಹಾಕಿಕೊಂಡಿದ್ದಾರೆ, ಬಗ್ಗಿ ಚೀಲಕ್ಕೆ ಗೆಡ್ಡೆ ತುಂಬಿದ್ದಾರೆ, ಚೀಲದ ಬಾಯಿ ಹೊಲಿಸಿದ್ದಾರೆ, ಲಾರಿ ಮೇಟ್ಟುಪಾಳ್ಯಂ ಮಂಡಿಗೆ ಹೊರಟುಹೋಗಿದೆ. ಸಂಜೆ ಜೇಬು ಮುಟ್ಟಿಕೊಂಡರೆ ಕೀ ಇಲ್ಲ. ಉಳಿದಿದ್ದ ಚೀಲಗಳನ್ನೆಲ್ಲ ಬಿಚ್ಚಿ ಸುರಿಸಿದರು. ಅದು ಯಾವ ಊರಿನಲ್ಲಿ ಯಾರ ಮನೆಯ ಪಲ್ಯಕ್ಕೆ ಹೋಯಿತೋ. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಟೀ ಅಂಗಡಿಯವನು “ಯಾಕ್ ಯಜಮಾನ್ರೆ, ಕಾರ್‌ಗೆ ಗಂಟ್ಲು ಕಟ್ಟದಾ?” ಎಂದು ಕೇಳಿದ ಮೇಲಂತೂ ಮನೆಯಿಂದ ಹೊರಗೇ ಹೋಗಲಿಲ್ಲ.

ಅತ್ತೆ ಸೊಂಟದ ಗೊಂಚಲು ಅಲ್ಲಾಡಿಸಿದರು. “ಇನ್ನೊಂದ್ ಇಲ್ಲಿ ಅದಲ್ಲಾ, ಅದ್ಯಾಕ್ ಅಂಗ್ ಕೂತಿದ್ದರಿ?”

“ಅದ್ರಲ್ಲಿ ಗುಂಡಿ ಇಲ್ಲ ಕಣೇ!” ಎಂದರು ಮಾವ. ಗಂಟಲು ನಿಜಕ್ಕೂ ಕಟ್ಟಿತ್ತು.

ಗಂಡ ಮಾರ್ಕೆಟ್ಟಿನಲ್ಲಿ ವಿಚಾರಿಸಿ ಸತ್ಯಮಂಗಲದ ಒಬ್ಬ ಕೀ ರಿಪೇರಿಯವನನ್ನು ಗೊತ್ತು ಮಾಡಿದರು. ಕಾರು ಎಲ್ಲಿದೆಯೋ ಅಲ್ಲಿಗೇ ಅವನು ಬರುತ್ತಾನಂತೆ. ಬಂದ. ಬೈಕಿನ ಹಿಂದೆ ಒಂದು ಪೆಟ್ಟಿಗೆ, ಬೆನ್ನ ಮೇಲೆ ಲ್ಯಾಪ್‌ಟಾಪು. ಬಂದವನೇ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಯಾವ್ಯಾವ ತಿರುವಿನಲ್ಲಿ ಯಾವ್ಯಾವ ಲಾರಿ ಅಡ್ಡ ನಿಂತಿತ್ತೆಂದು ವರದಿ ಒಪ್ಪಿಸಿದ. ಅವನ ಕನ್ನಡಕ್ಕೆ ಅರ್ಧ ತಮಿಳು ಬೆರೆತಿತ್ತು. ಪುಟ್ಟ ಮಿಷನ್ನಿನಲ್ಲಿ ಅತ್ತೆಯ ಕೀ ಇಟ್ಟು ಅದೇ ಅಳತೆಗೆ ಹೊಸದನ್ನು ಕೊರೆದ. ಅದರ ತಲೆಯಲ್ಲಿ ಎರಡು ಗುಂಡಿ. ಮಾವ ಕೈ ಚಾಚಿದರು.

“ಕೊಂಜ ಇರಿ ಅಯ್ಯಾ. ಇದು ಈಗ ಬಾಗ್ಲು ಮಾತ್ರ ತೆಗೀತದೆ. ಕಾರ್‌ಗೆ ಇದ್ರ ಪರಿಚಯ ಮಾಡಿಸ್ಬೇಕು, ಇಲ್ದಿದ್ರೆ ಸ್ಟಾರ್ಟ್ ಆಗಲ್ಲ.”

ಸ್ಟೀರಿಂಗಿನ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪು ನೋಡುತ್ತ ಕೂತ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಒಲೆಯ ಮೇಲೆ ಅವನಿಗೆಂದು ಕಾಫಿಯ ಹಾಲು.

“ಮನೇಲಿರೋ ಕೀ ಎಲ್ಲಾ ಕೊಡಿ ಅಯ್ಯಾ. ಹೊಸದ ಸೇರ್ಸುವಾಗ ಎಲ್ಲಾನೂ ಕಾರ್‌ಗೆ ತೋರಿಸ್ಬೇಕು. ತೋರಿಸ್ದೆ ಇದ್ದದ್ದ ಅದು ಮರ್ತ್ ಬಿಡ್ತದೆ. ಆಮೇಲೆ ಆ ಕೀ ಬರೀ ಕಬ್ಬಿಣ.”

“ಇರೋದೇ ಇದೊಂದು ಕಣಪ್ಪ.”

“ಇಲ್ಲ ಅಯ್ಯಾ, ಕಾರಿನ ಲೆಕ್ಕದಲ್ಲಿ ಮೂರು ಅದೆ.”

“ಮೂರಾ? ಒಂದ್ ಆಲುಗೆಡ್ಡೆ ಜೊತೆ ಓಯ್ತು. ಒಂದ್ ಇಲ್ಲಿ ಅದೆ. ಇನ್ನೆಲ್ಲಿ ಮೂರು?”

“ಮಿಷನ್ ಸುಳ್ಳ್ ಹೇಳಲ್ಲ.”

ಮಾವ ಬೆರಳು ಮಡಚಿ ಎಣಿಸಿದರು. ಆಮೇಲೆ ತೊಡೆ ತಟ್ಟಿದರು. “ಕೊಯಮತ್ತೂರ್‌ನವ್ನು! ಒಂದ ಅವನತ್ರನೇ ಮಡಿಕಂಡವ್ನೆ! ಮಾರುವಾಗ ಅಷ್ಟೊಂದ್ ನಗ್ತಿದ್ದಾಗ್ಲೇ ಅನ್ಕಂಡಿ. ಯಾವತ್ತೋ ಬಂದು ಕಾರ ಒಡ್ಕೊಂಡೋಗಾಕೆ! ಮರುಸ್ಬುಡಪ್ಪ, ಆ ಮೂರ್ನೇದ ಸಾಯ್ಸ್ಬುಡು.”

ಪಾಪ, ಆ ಕೊಯಮತ್ತೂರಿನವರು ಎಲ್ಲಿ ಬಿಕ್ಕಳಿಸುತ್ತಿದ್ದರೋ. ಇಲ್ಲಿ ನಾನು ಒಲೆಯ ಮೇಲಿನ ಹಾಲನ್ನು ಮರೆತೆ. ಸುಮ್ಮನಿದ್ದರೆ ನನ್ನ ಕೀ ಇನ್ನೈದು ನಿಮಿಷದಲ್ಲಿ ಬರೀ ಕಬ್ಬಿಣ. ತಂದು ಕೊಟ್ಟರೆ ಕೀ ಬದುಕುತ್ತದೆ, ನಾನು ಸಿಕ್ಕಿಬೀಳುತ್ತೇನೆ, ಕೀ ಅತ್ತೆಯ ಸೊಂಟ ಸೇರುತ್ತದೆ. ಹೇಗಾದರೂ ನನ್ನ ಕಾಲು ಗಂಟೆ ಹೋದಂತೆಯೇ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗುವುದಾದರೆ ಹೇಳಿಯೇ ಹೋಗಲಿ, ಹೌದು ನಾನೇ ಓಡಿಸಿದ್ದು ಅನ್ನುತ್ತೇನೆ ಎಂದು ಮೆಂತ್ಯದ ಡಬ್ಬಿಗೆ ಕೈ ಹಾಕಿದೆ.

ಕೀ ಇರಲಿಲ್ಲ.

ಮೊಣಕೈವರೆಗೆ ಕೈ ಹಾಕಿದೆ. ಡಬ್ಬಿಯನ್ನೇ ನೆಲಕ್ಕೆ ಸುರಿದೆ. ಮೆಂತ್ಯ ಅಡುಗೆಮನೆಯ ತುಂಬ ಓಡಿತು. ಹಾಲು ಉಕ್ಕಿತು. ಅಷ್ಟರಲ್ಲಿ ಅಂಗಳದಿಂದ ಅತ್ತೆಯ ದನಿ.

“ಆ ಕೀ ನನ್ನತ್ರ ಅದೆ.”

ಕಿಟಕಿಗೆ ಓಡಿದೆ. ಅತ್ತೆ ಎಲೆಯಡಿಕೆ ಚೀಲದಿಂದ ಪುಟ್ಟ ಕಪ್ಪು ಕೀ ತೆಗೆದು ಕೀ ರಿಪೇರಿಯವನ ಕೈಗಿಟ್ಟರು. ಅದರ ಸಂದಿಯಲ್ಲಿ ಎರಡು ಮೆಂತ್ಯದ ಕಾಳು ಸಿಕ್ಕಿಕೊಂಡಿದ್ದವು.

ಮಾವನ ಬಾಯಿ ತೆರೆದೇ ಇತ್ತು. “ನಿನ್ನತ್ರ? ನಿಂಗ್ಯಾಕೆ ಕಾರ್ ಕೀ? ನೀನೇನ್ ಓಡುಸ್ತೀಯಾ?”

“ನೀವ್ ಓಡುಸ್ತೀರಾ?”

ಕೀ ರಿಪೇರಿಯವನು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದ. ಅವನ ಭುಜ ಕುಣಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಉಗುರಿನಿಂದ ಕಾಳು ತೆಗೆಯುತ್ತ ಕೇಳಿದ, “ಅಮ್ಮಾ, ಕೀನ ಮೆಂತ್ಯದಲ್ಲಿ ಯಾಕ್ ಇಟ್ಟಿದ್ರಿ?”

“ಉಳ ಇಡೀಬಾರ್ದು ಅಂತ” ಎಂದರು ಅತ್ತೆ.

ಮೂರೂ ಕೀಗಳನ್ನು ಒಂದೊಂದಾಗಿ ಹಾಕಿ ತಿರುಗಿಸಿ ಕಾರಿಗೆ ಪರಿಚಯ ಮಾಡಿಸಿದ. ಮಾವ ಹೊಸ ಗುಂಡಿ ಒತ್ತಿದರು, ಕಾರು ‘ಕುಂಯ್’ ಎಂದಿತು. ಅವರು ಕೊಯಮತ್ತೂರಿನವರನ್ನೂ ಅತ್ತೆಯನ್ನೂ ಮರೆತು ಟೀ ಅಂಗಡಿಯ ಕಡೆ ನಡೆದರು, ಕಾರನ್ನು ಶೆಡ್ಡಿನಲ್ಲೇ ಬಿಟ್ಟಿದ್ದೇವೆಂಬುದನ್ನೂ ಮರೆತು.

ಅತ್ತೆ ಒಳಗೆ ಬಂದು ನೆಲ ನೋಡಿದರು. “ಮೊದ್ಲು ಮೆಂತ್ಯ ಬಳ್ಕೊ.”

ನಾನು ಬಳಿಯುತ್ತ ಕೂತೆ. ತಲೆ ಎತ್ತಲು ಧೈರ್ಯವಾಗಲಿಲ್ಲ.

“ದಿನಾ ಮದ್ಯಾನ ನಾನು ನಿದ್ದ ಒಡೀತಿನಿ ಅನ್ಕಂಡಿದ್ದಯಾ? ಕಾರ್ ಸದ್ದು ನಂಗ್ ಕೇಳ್ದಾ? ನೀನ್ ತಿರ್ಗಿ ಬರಗಂಟ ಮುಸ್ಕೊಳ್ಗೇ ಜೀವ ಕೈಯಲ್ಲಿ ಇಡ್ಕಂಡ್ ಮನ್ಗಿರ್ತಿದ್ದಿ. ಶೆಡ್ ಬಾಗ್ಲು ಆಕಿದ್ ಸದ್ದಾದ್ ಮೇಲೇ ಕಣ್ಮುಚ್ತಿದ್ದುದು. ಅವ್ರ್ ಕೀ ಕಳ್ದೋದ್ ದಿನ, ಮನೆಯೆಲ್ಲಾ ಉಡುಕ್ತರ ಅಂತ ನಾನೇ ಡಬ್ಬಿಯಿಂದ ಎತ್ತಿಟ್ಕಂಡಿದ್ದಿ.”

ಅಷ್ಟೂ ತಿಂಗಳು ನಾನು ಅವರನ್ನು ಜೈಲಿನ ಕಾವಲಿನವರೆಂದು ತಿಳಿದಿದ್ದೆ. ಕಣ್ಣು ತುಂಬಿಬಂತು. ಆದರೆ ಅವರು ಆ ಕೀಯನ್ನು ನನಗೆ ಕೊಡಲಿಲ್ಲ, ಸೊಂಟದ ಗೊಂಚಲಿಗೆ ಸೇರಿಸಿಕೊಂಡು ಹೊರಟರು. ಬಂದಿದ್ದ ಕಣ್ಣೀರು ಅಲ್ಲೇ ಒಣಗಿತು.

ಮೂರು ದಿನ ಹಾಗೇ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮಾವ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿಸಲು ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಹೋದರು. ಬರುವುದು ಸಂಜೆ ಎಂದರು. ಮಧ್ಯಾಹ್ನ ಊಟವಾದದ್ದೇ ತಡ, ಅತ್ತೆ ಮಡಿಚಿಟ್ಟಿದ್ದ ಸೀರೆ ಉಟ್ಟು ಬಂದು ಕೀ ಬಿಚ್ಚಿ ನನ್ನ ಮುಂದೆ ಹಿಡಿದರು.

“ನಡಿ, ದಿಂಬಂಗೆ.”

“ದಿಂಬಂಗಾ? ಅಷ್ಟ್ ದೂರ ಯಾಕತ್ತೆ?”

“ಟೀ ಕುಡ್ಯಾಕೆ.”

ದಿಂಬಂ ಎಂದರೆ ಸತ್ಯಮಂಗಲಕ್ಕೆ ಇಳಿಯುವ ಘಾಟಿಯ ನೆತ್ತಿ. ಮದುವೆಯಾದಾಗಿನಿಂದ ಅತ್ತೆ ಎಷ್ಟು ಸಲ ಆ ಘಾಟಿ ಇಳಿದು ಹತ್ತಿದ್ದರೋ. ಪ್ರತಿಸಲವೂ ಬಸ್ಸು ದಿಂಬಂನಲ್ಲಿ ನಿಂತಾಗ ಮಾವ ಇಳಿದು ಚಳಿಯಲ್ಲಿ ಬಿಸಿ ಟೀ ಕುಡಿಯುವರು, ಅತ್ತೆಗೆ ಕಿಟಕಿಯಿಂದ ಒಂದು ಬನ್ನು ಕೊಡುವರು. ಆ ಬೆಂಚಿನ ಮೇಲೆ ಕಾಲು ಚಾಚಿ ಕೂತು ಒಂದು ಟೀ ಕುಡಿಯಬೇಕೆಂಬ ಆಸೆ ಅವರಿಗೆ ಮೂವತ್ತು ವರ್ಷದಿಂದ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ಇಷ್ಟು ಸಣ್ಣ ಆಸೆಯನ್ನು ಅಷ್ಟು ವರ್ಷ ಹೊತ್ತಿದ್ದರಲ್ಲ ಎಂದು ನನಗೆ ಸಂಕಟವಾಯಿತು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ತಾಳವಾಡಿ ದಾಟುವವರೆಗೆ ಕಣ್ಣು ಮುಚ್ಚಿದ್ದರು. ಹಾಸನೂರು ಬರುವ ಹೊತ್ತಿಗೆ “ಆ ಲಾರಿಯ ಇಂದಾಕು” ಎನ್ನತೊಡಗಿದ್ದರು. ದಿಂಬಂನಲ್ಲಿ ಮರದಡಿ ಕಾರು ನಿಲ್ಲಿಸಿ ಬಾಗಿಲು ಹಾಕಿ ಬಂದೆ. ಅತ್ತೆ ಬೆಂಚಿನ ನಡುವೆ ಕೂತು ಕಾಲು ಚಾಚಿ ಟೀ ಹೀರಿ ಮುಖ ಹುಳ್ಳಗೆ ಮಾಡಿದರು.

“ಥೂ, ಇದ್ಕಿಂತ ನಮ್ಮಟ್ಟಿ ಟೀನೇ ವಾಸಿ” ಎಂದು ಇನ್ನೊಂದು ಲೋಟ ಹೇಳಿದರು.

ಎರಡನೆಯ ಲೋಟ ಬಂದಾಗ ಕೆಳಗಿನಿಂದ ಬಸ್ಸು ಏರಿ ಬಂತು. ಗಂಡಸರು ಇಳಿದರು. ಅವರ ನಡುವೆ ಹೆಗಲ ಮೇಲೆ ಗೋಣಿಚೀಲ ಹೊತ್ತು ಮಾವ! ರಿಪೇರಿ ಅಂಗಡಿ ಮುಚ್ಚಿತ್ತಂತೆ, ಆಮೇಲೆ ತಿಳಿಯಿತು. ಅವರು ನಮ್ಮನ್ನು ನೋಡಲಿಲ್ಲ. ಟೀ ಅಂಗಡಿ ಕಂಡ ಕೂಡಲೇ ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು.

ಮರದಡಿಯಿಂದ ‘ಕುಂಯ್ ಕುಂಯ್.’

ಮಾವ ಬೆಚ್ಚಿಬಿದ್ದರು. ಮತ್ತೆ ಒತ್ತಿದರು. ಕಾರು ಮತ್ತೆ ವಿನಯದಿಂದ ಓಗೊಟ್ಟಿತು. ಅವರು ಕಾರು ನೋಡಿದರು, ನಂಬರು ನೋಡಿದರು, ಕೊನೆಗೆ ಬೆಂಚು ನೋಡಿದರು. ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ. ಅತ್ತೆ ಒಂದಿಷ್ಟು ಸರಿದು ಜಾಗ ಮಾಡಿದರು.

“ಬನ್ನಿ. ನಿಮ್ಗೂ ಒಂದ್ ಟೀ ಏಳಿವ್ನಿ.”

ಕಂಡಕ್ಟರ್ ಸೀಟಿ ಊದಿದ. ಮಾವ ಬಸ್ಸಿನ ಕಡೆ ಒಮ್ಮೆ, ಕಾರಿನ ಕಡೆ ಒಮ್ಮೆ ನೋಡಿದರು. ಕಾರಿದ್ದೂ ಬಸ್ಸಿನಲ್ಲಿ ಹೋಗುವುದು ಒಂದು ಅವಮಾನ, ಸೊಸೆ ಓಡಿಸುವ ಕಾರಿನಲ್ಲಿ ಕೂರುವುದು ಇನ್ನೊಂದು. ಯಾವುದು ದೊಡ್ಡದೆಂದು ಅವರು ಅಳೆಯುತ್ತಿರುವಾಗಲೇ ಬಸ್ಸು ಹೊರಟುಹೋಯಿತು.

ಹಿಂದಿನ ಸೀಟಿನಲ್ಲಿ ಸ್ಟಾರ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಾಸನೂರು ಬಂತು. ಆಮೇಲೆ ಒಂದೇ ಮಾತು, “ಈ ತಿರುವಲ್ಲಿ ಅವುನು ಇಷ್ಟ್ ನೈಸಾಗಿ ತಿರ್ಗುಸಲ್ಲ.” ಅದು ಹೊಗಳಿಕೆಯೋ ಮಗನ ಮೇಲಿನ ದೂರೋ ತಿಳಿಯಲಿಲ್ಲ. ನಾನು ಗಟ್ಟಿಯಾಗಿ ಸ್ಟೀರಿಂಗ್ ಹಿಡಿದುಕೊಂಡೆ.

ಅಂಗಳದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಮಾವ ಇಳಿದು ಸುತ್ತಿ ಬಂದು ನನ್ನ ಕಿಟಕಿಯ ಮುಂದೆ ಕೈ ಚಾಚಿದರು.

“ಆ ಕೀ ಕೊಡು ಇಲ್ಲಿ.”

ಕೀ ತೆಗೆದೆ. ಕೊಡದೆ ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡರು. ಸರಿ, ಸೊಂಟಕ್ಕೆ ಹೋಯಿತು ಅಂದುಕೊಂಡೆ. ಅವರು ಅದನ್ನು ನನ್ನ ಅಂಗೈಯಲ್ಲೇ ಮತ್ತೆ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಇದು ಅವುಳ್ದು. ನನ್ ಸೊಂಟ್ದಲ್ಲಿ ಜಾಗ ಇಲ್ಲ.”

ಮೂರು ದಿನ ಅದೇ ಸೊಂಟದಲ್ಲಿ ಜಾಗವಿತ್ತು. ಮಾವ ಅದನ್ನು ಕಂಡಿದ್ದರು, ನಾನೂ ಕಂಡಿದ್ದೆ. ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಏನು ಮಾಡುವುದೆಂದು ತೋಚದೆ ಅದನ್ನು ಜೇಬಿಗೆ ಹಾಕಿ, ಮನೆಯತ್ತ ಹತ್ತು ಹೆಜ್ಜೆ ನಡೆದು ಗುಂಡಿ ಒತ್ತಿದರು. ನಾವಿಬ್ಬರೂ ಇನ್ನೂ ಕಾರಿನಲ್ಲೇ ಇದ್ದೆವು. ನಾಲ್ಕೂ ಬಾಗಿಲು ಟಕ್ಕೆಂದು ಬಿಗಿದವು.

“ತಗೀರೀ! ಒಲೆ ಅಚ್ಬೇಕು!” ಎಂದು ಅತ್ತೆ ಕೂಗಿದರು.

ಒಳಗಿನ ಲಾಕು ಎಳೆದರೆ ಬಾಗಿಲು ತೆರೆಯುತ್ತದೆಂದು ನನಗೆ ಗೊತ್ತಿತ್ತು. ಎಳೆಯಲಿಲ್ಲ. ನನ್ನ ಕೀ ನನ್ನ ಮುಷ್ಟಿಯಲ್ಲಿತ್ತು, ಗುಂಡಿಯಾದರೂ ಅವರಿಗಿರಲಿ ಎನಿಸಿತು. ಮಾವ ತಿರುಗಿ ನಿಂತು, ನಮ್ಮನ್ನು ಒಂದು ಗಳಿಗೆ ಹಾಗೆಯೇ ಕಾಯಿಸಿ, ಆಮೇಲೆ ಗಂಭೀರವಾಗಿ ಜೇಬಿನೊಳಗೆ ಒತ್ತಿದರು.