ಹಳದಿ ವಿಮಾನ ನೆಲದಲ್ಲೇ ಉಳಿದ ದಿನ

ಈ ಬೆಳಗ್ಗೆ ಪೊರಿಂಡಾ ಊರಿನ ಮೇಲೆ ಮಂಜು ಕೂತಿದೆ. ರಾತ್ರಿ ಕೊಲ್ಲಿಯ ಕಡೆಯಿಂದ ಬಂದದ್ದು, ಬಾರ್ಲಿ ಕೊಯ್ದ ಕೂಳೆಯ ಮೇಲೆ ಮೊಣಕಾಲೆತ್ತರಕ್ಕೆ ಹಾಲು ಚೆಲ್ಲಿದ ಹಾಗೆ ಹರಡಿಕೊಂಡಿದೆ. ಮೇಲೆ ಆಕಾಶ ಮಾತ್ರ ತೊಳೆದಿಟ್ಟಂತಿದೆ. ಗಾಳಿಯ ಸುಳಿವಿಲ್ಲ. ವಿಮಾನದ ಬಯಲಿನ ಬೇಲಿಯುದ್ದಕ್ಕೂ ಗುಲಾಬಿ ಎದೆಯ ಗಾಲಾ ಗಿಳಿಗಳು ಕೂತು ಜಗಳವಾಡುತ್ತಿವೆ.

ಆ ಮಂಜಿನ ನಡುವೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ನಡೆಯುತ್ತಿದ್ದಾರೆ. ಬಲಗೈ ಎದೆಯ ಮಟ್ಟಕ್ಕಿದೆ, ಅಂಗೈ ನೆಲದ ಕಡೆಗೆ. ನಾಲ್ಕು ಹೆಜ್ಜೆ ಇಡುತ್ತಾರೆ, ಅಂಗೈ ಮೇಲೇಳುತ್ತದೆ, ಮಗುಚುತ್ತದೆ. ಅವರೂ ಸುತ್ತಿ ನಿಲ್ಲುತ್ತಾರೆ, ಮತ್ತೆ ನಾಲ್ಕು ಹೆಜ್ಜೆ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರ ಮುಖದಲ್ಲಿ ಕಾಣುವ ಶಾಂತಿ ಆ ಮುಖದಲ್ಲಿದೆ. ಇವರು ನೊರೀನ್ ಟ್ರೆಗೆಂಜಾ, ವಯಸ್ಸು ಅರವತ್ಮೂರು. ಮಧ್ಯಾಹ್ನ ಆಕಾಶದಲ್ಲಿ ಮಾಡಬೇಕಾದ ಲಾಗಗಳನ್ನೆಲ್ಲ ಮೊದಲು ನೆಲದ ಮೇಲೆ ನಡೆದು ಮೈಗೆ ಹೇಳಿಕೊಡುತ್ತಿದ್ದಾರೆ.

"ಏನೇ ಹುಡುಗಿ, ಇಬ್ಬನೀಲಿ ಬೂಟು ನೆನೀತು ನೋಡು" ಎಂದು ತಗಡಿನ ಶೆಡ್ಡಿನಿಂದ ಕೂಗುತ್ತಾರೆ ವಿಲ್ಫ್. ನೊರೀನರ ಗಂಡ ಗಾರ್ತ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ವಿಲ್ಫ್ ಗಾರ್ತರ ಅಣ್ಣ, ನೊರೀನರಿಗೆ ಭಾವ. ಎಂಬತ್ತರ ಹತ್ತಿರದ ಮೆಕ್ಯಾನಿಕ್.

"ನೆನೆದ್ರೆ ನೆನೀಲಿ. ನೀನು ಮೊದಲು ಆ ಹೊಗೆ ಪೈಪು ಕಟ್ಟು."

"ಕಟ್ಟಿ ಆಯ್ತು. ಟೀ ತರ್ತೀನಿ."

ಹೊಗೆ ಎಂದರೆ ವಿಮಾನದ ಹಿಂದೆ ಬಿಳಿ ಗೆರೆಯಾಗಿ ಉಳಿಯುತ್ತದಲ್ಲ, ಅದು. ಕಾದ ಕೊಳವೆಯೊಳಗೆ ಎಣ್ಣೆ ಬಿಟ್ಟರೆ ಏಳುತ್ತದೆ. ಅದರ ಪೈಪು ರಾತ್ರಿ ಸಡಿಲವಾಗಿತ್ತು. ವಿಲ್ಫ್ ಟೀ ತರಲು ಹೊರಟಾಗ ಕ್ಲಾರಿ ಎದುರಾಗುತ್ತಾರೆ. ಊರಿನ ಅಗ್ನಿಶಾಮಕ ಸ್ವಯಂಸೇವಕರ ಸಾಸೇಜ್ ಅಂಗಡಿ ಇವರದ್ದು, ಹೆಗಲ ಮೇಲೆ ಸಿಲಿಂಡರು.

"ನನ್ನ ಒಲೆ ಉರೀತಿಲ್ಲ ಮಾರಾಯ. ಬೆಂಕಿ ಆರಿಸೋ ದಳದವನ ಒಲೇಲೇ ಬೆಂಕಿ ಇಲ್ಲ!"

"ನೀನು ಹತ್ತಿರ ಹೋದ್ರೆ ಬೆಂಕೀನೂ ಹೆದರತ್ತೆ ಬಿಡು" ಎನ್ನುತ್ತಾ ವಿಲ್ಫ್ ಮಂಜು ತುಳಿಯುತ್ತಾ ಹೊರಟುಹೋಗುತ್ತಾರೆ.

ಇವತ್ತು ಪೊರಿಂಡಾದಲ್ಲಿ ವಾಯುಪ್ರದರ್ಶನ. ಜನ ಬರುವುದು ಜೆಟ್ಟುಗಳ ಗುಡುಗು ಕೇಳಲು. ಜೆಟ್ಟುಗಳು ಇಂಧನ ತುಂಬಿಸಿಕೊಳ್ಳುವಾಗ ಆಕಾಶ ಖಾಲಿ ಬೀಳಬಾರದಲ್ಲ, ಆ ಒಂಬತ್ತು ನಿಮಿಷ ನೊರೀನರದ್ದು. ಪೋಸ್ಟರಿನಲ್ಲಿ ಅವರ ಹೆಸರಿಲ್ಲ, 'ಮತ್ತಿತರ ಆಕರ್ಷಣೆಗಳು' ಎಂಬ ಸಾಲಿನೊಳಗೆ ಸೇರಿಹೋಗಿದ್ದಾರೆ. ಮಕ್ಕಳಿಗೆ ಅವರು 'ಹಳದಿ ವಿಮಾನದ ಅಜ್ಜಿ'. ಎರಡಂತಸ್ತಿನ ರೆಕ್ಕೆಯ ಆ ಪುಟ್ಟ ವಿಮಾನವನ್ನು ಗಾರ್ತ್ ಮತ್ತು ವಿಲ್ಫ್ ಇದೇ ಶೆಡ್ಡಿನಲ್ಲಿ ಕೈಯಾರೆ ಕಟ್ಟಿದರು.

ಶಾಲಾ ಬಸ್ಸಿನ ಚಾಲಕನ ಮಗಳು ನೊರೀನ್. ಶೆಡ್ಡುಗಳ ನೆಲ ಗುಡಿಸಿ, ಆ ಕೂಲಿಯ ಬದಲಿಗೆ ಹಾರಾಟ ಕಲಿತವರು. ಈಗಲೂ ವಾರದ ಐದು ದಿನ ರೈತರ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸುತ್ತಾರೆ. ನಸುಕಿಗೇ ಎದ್ದು, ಗಾಳಿ ಏಳುವ ಮೊದಲು ಕೆಲಸ ಮುಗಿಸಬೇಕು. ವಿದ್ಯುತ್ ತಂತಿ, ಒಣಮರ, ಎದುರು ಬಿಸಿಲು, ಎಲ್ಲದರ ಜೊತೆ ಸಲಿಗೆ. ಪ್ರದರ್ಶನದಿಂದ ಕೈಗೆ ಹತ್ತುವುದು ಇಂಧನದ ಖರ್ಚಷ್ಟೆ. "ಬೇರೆಯವರು ಭಾನುವಾರ ಮೀನು ಹಿಡಿಯೋಕೆ ಹೋಗ್ತಾರೆ, ನಾನು ತಲೆಕೆಳಗಾಗ್ತೀನಿ" ಎಂದು ನಗುತ್ತಾರೆ.

ಹಾರುವ ಮೊದಲು ಅವರದ್ದೊಂದು ಕಟ್ಟುನಿಟ್ಟು ಇದೆ. ಜೇಬುಗಳನ್ನೆಲ್ಲ ವಿಲ್ಫರ ಟೋಪಿಗೆ ಬರಿದು ಮಾಡುತ್ತಾರೆ. ಕೀಲಿಕೈ, ಚಿಲ್ಲರೆ, ಪೆಪ್ಪರ್‌ಮಿಂಟು, ಕೊನೆಗೆ ಮದುವೆಯ ಉಂಗುರ. ಸಲಕರಣೆಗಳಿಗೆ ಹಳೆಯ ಮೇಜುಬಟ್ಟೆಯೊಂದಿದೆ. ಅದರ ಮೇಲೆ ಪ್ರತಿಯೊಂದರ ಆಕಾರವನ್ನೂ ಶಾಯಿಯಲ್ಲಿ ಬರೆದಿದೆ. ಆ ಗೆರೆಗಳೊಳಗೆ ಎಲ್ಲವೂ ಬಂದು ಮಲಗಿದ ಮೇಲೇ ವಿಮಾನ ಏಳಬೇಕು.

ಇದನ್ನು ಕಲಿಸಿದ್ದು ಒಂದು ಪೆನ್ಸಿಲು. "ತಲೆಕೆಳಗಾಗಿದ್ದಾಗ ಅದು ನನ್ನ ಮೂಗಿನ ಮುಂದೇನೇ ತೇಲ್ತಿತ್ತು. ನೆಟ್ಟಗಾದ್ರೆ ಮಾಯ! ಎಲ್ಲಿ ಹೋಯ್ತು ಅಂತ ಗೊತ್ತಾಗಿದ್ದು ಬಲಗಾಲಿನ ಪೆಡಲು ಕದಲದೆ ನಿಂತಾಗ. ಅವತ್ತು ಎತ್ತರ ಇತ್ತು, ದೇವರೂ ಇದ್ದ. ಕೆಳಗೆ ಹಾರೋವಾಗ ಎತ್ತರ ಇರಲ್ಲ. ದೇವರೊಬ್ಬನ ಮೇಲೆ ಎಲ್ಲಾ ಹೊರಿಸೋದು ಸರಿಯಲ್ಲ."

ಕೆಳಗೆ ಹಾರುವ ಅನುಮತಿ, ಇವತ್ತಿನ ಮಾತೆಲ್ಲ ಅದರದ್ದೇ. ನೊರೀನರ ಅನುಮತಿಯ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಈ ತಿಂಗಳು ಪರೀಕ್ಷಕಿ ಬರುವುದು ಇವತ್ತೊಂದೇ ದಿನ, ಅವರ ಎದುರು ಹಾರಿ ತೋರಿಸಿದರೆ ಮುಂದುವರಿಯುತ್ತದೆ. ತಪ್ಪಿದರೆ ಹೊಸಬರಂತೆ ಎತ್ತರದಲ್ಲಿ ಶುರುಮಾಡಿ, ವರ್ಷಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಅಷ್ಟು ಎತ್ತರದಲ್ಲಿ ಹಾರಿದರೆ ವಿಲ್ಫರಿಗೆ ಕಾಣುವುದಿಲ್ಲ. ಅವರ ಕಣ್ಣು ದಿನದಿಂದ ದಿನಕ್ಕೆ ಮಬ್ಬಾಗುತ್ತಿದೆ. "ಇವಳು ಮರದ ತುದಿ ಹತ್ತಿರ ಬಂದಾಗ ಹಳದಿ ಬಣ್ಣ ಮಾತ್ರ ಕಾಣತ್ತೆ, ಅಷ್ಟು ಸಾಕು" ಎನ್ನುತ್ತಾರೆ.

ಮಂಜು ಕರಗಿ, ಬಯಲು ತುಂಬ ಜನ ಸೇರಿದ್ದಾರೆ. ನೊರೀನರ ಸರದಿ ಹತ್ತಿರ ಬಂದಿದೆ. ಉಂಗುರ ಟೋಪಿ ಸೇರಿದೆ. ವಿಲ್ಫ್ ಬಟ್ಟೆ ಹಾಸಿ ಒಂದೊಂದನ್ನೇ ಅದರದರ ಗೆರೆಯೊಳಗೆ ಇಡುತ್ತಾ ಬರುತ್ತಾರೆ. ಒಂದು ಗೆರೆ ಖಾಲಿ ಉಳಿಯುತ್ತದೆ.

"ಮೋಟು ಸ್ಕ್ರೂಡ್ರೈವರು" ಎನ್ನುತ್ತಾರೆ ಮೆಲ್ಲಗೆ. "ಪೈಪಿನ ಪಟ್ಟಿ ಬಿಗಿದಿದ್ದು ಅದರಲ್ಲೇ. ಇಲ್ಲೇ ಇಟ್ಟೆ ಅಂತ ನೆನಪು."

"ನೆನಪಾ, ಖಾತ್ರಿನಾ?"

"ಕಣ್ಣೇ ಹೋಗಿದೆಯಲ್ಲ ಹುಡುಗಿ. ಖಾತ್ರಿ ಅಂತ ಹೆಂಗೆ ಹೇಳ್ಲಿ?"

ಇಬ್ಬರೂ ಮುಚ್ಚಳ ಬಿಚ್ಚುತ್ತಾರೆ, ಆಸನ ಕಳಚುತ್ತಾರೆ, ಟಾರ್ಚು ಹಿಡಿದು ಕನ್ನಡಿಯಲ್ಲಿ ಇಣುಕುತ್ತಾರೆ. ಇಲ್ಲ. ಆದರೆ ಬಾಲದ ಒಳತುದಿಗೆ ಕಣ್ಣೂ ಹೋಗುವುದಿಲ್ಲ, ಕೈಯೂ ಎಟುಕುವುದಿಲ್ಲ.

"ಹೊರಗೆಲ್ಲೋ ಬಿದ್ದಿರತ್ತೆ, ನೀನು ಹೋಗು" ಎನ್ನುತ್ತಾರೆ ವಿಲ್ಫ್. "ನನ್ನಿಂದ ನಿನ್ನ ಅನುಮತಿ ಹೋಗೋದು ಬೇಡ."

ನೊರೀನ್ ಆಕಾಶವನ್ನೊಮ್ಮೆ ನೋಡುತ್ತಾರೆ. ಇಂಥ ನಿರ್ಮಲವಾದ ದಿನ ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಅವರು ಹೆಲ್ಮೆಟ್ಟು ತೆಗೆದು ಹುಲ್ಲಿನ ಮೇಲಿಡುತ್ತಾರೆ. "ಗೆರೆ ಖಾಲಿ ಇದೆ ವಿಲ್ಫ್. ಹಾರಲ್ಲ."

ಧ್ವನಿವರ್ಧಕದಲ್ಲಿ 'ತಾಂತ್ರಿಕ ಕಾರಣ' ಎಂಬ ಎರಡು ಪದ ಕೇಳಿ ಮುಗಿಯುತ್ತವೆ. ಒಂಬತ್ತು ನಿಮಿಷ ಆಕಾಶ ಬರಿದಾಗಿರುತ್ತದೆ. ಜನ ಸಾಸೇಜಿನ ಸಾಲಿಗೆ ತಿರುಗುತ್ತಾರೆ. ನೊರೀನ್ ಆ ದಾರಿಯಲ್ಲಿ ಹಾದಾಗ ಹೊಗೆಯ ಮರೆಯಿಂದ ಕ್ಲಾರಿಯ ದನಿ ಏಳುತ್ತದೆ. "ಏನೇ ನೊರೀನ್, ಹೆದರ್ಕೊಂಡ್ಯಾ? ನಿನಗಿಂತ ನನ್ನ ಸಾಸೇಜೇ ವಾಸಿ, ಬಿಸಿ ಹಂಚಿನ ಮೇಲೂ ಲಾಗ ಹಾಕ್ತಿದೆ!" ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ನೊರೀನರೂ ನಗುತ್ತಾರೆ, ನಿಲ್ಲುವುದಿಲ್ಲ.

ಪರೀಕ್ಷಕಿ ಬಂದು ಕೈಕುಲುಕುತ್ತಾರೆ. "ಹಾರದೆ ಇರೋದಕ್ಕೆ ಸಹಿ ಹಾಕೋಕೆ ನಮ್ಮಲ್ಲಿ ಜಾಗ ಇಲ್ಲ. ಇದ್ದಿದ್ರೆ ಮೊದಲು ನಿಮಗೇ ಹಾಕ್ತಿದ್ದೆ." ಅಷ್ಟು ಹೇಳಿ ಕಾರು ಹತ್ತುತ್ತಾರೆ.

ಸಂಜೆಯಾಗಿದೆ. ಕಾರುಗಳೆಲ್ಲ ಧೂಳೆಬ್ಬಿಸಿ ಊರು ಸೇರಿವೆ. ವಿಲ್ಫ್ ಇನ್ನೂ ವಿಮಾನದ ಪಕ್ಕದ ಹುಲ್ಲನ್ನು ಅಂಗೈಯಲ್ಲಿ ಸವರುತ್ತಾ ಮಂಡಿಯೂರಿದ್ದಾರೆ. ಅವರ ಪಾಲಿನ ಪಾಸ್ಟಿ, ಮಾಂಸ ತುಂಬಿದ ಕಡುಬು, ಕಾಗದದಲ್ಲೇ ತಣ್ಣಗಾಗಿದೆ. ಅವರು ತಲೆಯೆತ್ತದೆಯೇ "ಇನ್ನು ಸಲಕರಣೆ ಮುಟ್ಟಲ್ಲ ಕಣೇ. ಬೇರೆ ಯಾರನ್ನಾದ್ರೂ ನೋಡ್ಕೋ" ಎನ್ನುತ್ತಾರೆ.

"ನೋಡ್ಕೊಳ್ಳೋಕೆ ಬೇರೆ ಯಾರಿದ್ದಾರೆ?" ಎನ್ನುತ್ತಾ ನೊರೀನ್ ಪಕ್ಕದಲ್ಲಿ ಕೂರುತ್ತಾರೆ. "ಮೇಲಿಂದ ಶುರು ಮಾಡ್ತೀನಿ, ಅಷ್ಟೇ ತಾನೆ? ನನಗೇನು ದೊಡ್ಡ ಆಸೆ ಇಲ್ಲ. ನಿನ್ನ ಕಣ್ಣಿಗೆ ಇನ್ನೊಂದು ಸಲ ಆ ಹಳದಿ ಬೀಳಬೇಕು. ಅಲ್ಲೀತನಕ ಕಣ್ಣು ಕಾಪಾಡ್ಕೋ."

ಶೆಡ್ಡಿನ ಮೂಲೆಯಲ್ಲಿ ಯಾರದೋ ನೆರಳು. ಕ್ಲಾರಿ ನಿಂತಿದ್ದಾರೆ. ಅಂಗಡಿ ಕಟ್ಟುವಾಗ ಏಪ್ರನ್ನು ಬಿಚ್ಚಿ ಕೊಡವಿದಾಗ ಜೇಬಿನಿಂದ ಬಿದ್ದದ್ದನ್ನು ಕಂಡು ಅವರ ಮುಖದ ಬಣ್ಣ ಇಳಿದಿದೆ. ಜಿಡ್ಡು ಒರೆಸಿ ಕಾಗದದಲ್ಲಿ ಸುತ್ತಿದ ಏನನ್ನೋ ಅವರು ಮುಂದೆ ಚಾಚುತ್ತಾರೆ, ನೊರೀನರಿಗಲ್ಲ, ವಿಲ್ಫರಿಗೆ.

ವಿಲ್ಫ್ ಕಾಗದ ಬಿಚ್ಚುವುದಿಲ್ಲ, ಮೇಲಿನಿಂದಲೇ ಹೆಬ್ಬೆರಳಾಡಿಸುತ್ತಾರೆ. ಹಿಡಿಯ ಮೇಲೆ ತಾವೇ ಕೊರೆದ ಕಚ್ಚು ಬೆರಳಿಗೆ ಸಿಗುತ್ತದೆ.

"ಇಡೋ ಜಾಗದಲ್ಲೇ ಇಟ್ಟಿದ್ದೆ" ಎನ್ನುತ್ತಾರೆ ತಮಗೆ ತಾವೇ.

ಕ್ಲಾರಿ ಟೋಪಿ ತೆಗೆದು ತಲೆಯಾಡಿಸುತ್ತಾರೆ. ಹೌದು.

"ಇದ್ರಿಂದ ಒಲೆ ಹತ್ತಿತಾ ಕ್ಲಾರಿ?" ಎಂದು ಕೇಳುತ್ತಾರೆ ನೊರೀನ್.

ವಿಲ್ಫ್ ನಿಧಾನವಾಗಿ ಎದ್ದು ಬಟ್ಟೆಯ ಹತ್ತಿರ ಹೋಗುತ್ತಾರೆ, ಖಾಲಿ ಗೆರೆಯನ್ನು ಬೆರಳಿಂದ ಹುಡುಕಿ ಅದರೊಳಗೆ ಸ್ಕ್ರೂಡ್ರೈವರನ್ನು ಇಡುತ್ತಾರೆ. ಆಮೇಲೆ ತಮ್ಮ ಟೋಪಿಯೊಳಗಿಂದ ಉಂಗುರ ತೆಗೆದು ನೊರೀನರ ಅಂಗೈಗೆ ಹಾಕುತ್ತಾರೆ.